ಮದರ್‌ಬೋರ್ಡ್ ಚೇಂಜ್ ಆದ್ಮೇಲೆ ಗ್ರಬ್ ಮೆನು ಮಾಯ, ಸೀದಾ ವಿಂಡೋಸ್‌ಗೆ ಹೋಗ್ತಿದೆ. ಮಿಂಟ್ ವಾಪಸ್ ಸಿಗುತ್ತಾ?

ಬೆಣ್ಣೆದೋಸೆ_ಕೋಡರ್

ನಮಸ್ಕಾರ ಎಲ್ರಿಗೂ, ಸ್ವಲ್ಪ ಅರ್ಜೆಂಟ್ ಇದೆ. ನಂದು ಡ್ಯುಯಲ್ ಬೂಟ್ ಲ್ಯಾಪ್‌ಟಾಪ್, ವಿಂಡೋಸ್ 11 ಮತ್ತೆ ಲಿನಕ್ಸ್ ಮಿಂಟ್ 22, ಎರಡೂ ಒಂದೇ ಎಸ್‌ಎಸ್‌ಡಿಲಿ. ವಿಂಡೋಸ್ ಅಪ್ಪಂಗೆ, ಅಂಗಡಿ ಟ್ಯಾಲಿ ಲೆಕ್ಕ ಪೂರ್ತಿ ಅದ್ರಲ್ಲೇ ಇರೋದು, ಮಿಂಟ್ ನಂಗೆ. ಚಾರ್ಜ್ ಏರ್ತಿಲ್ಲ ಅಂತ ಸರ್ವಿಸ್‌ಗೆ ಕೊಟ್ಟಿದ್ವಿ, ವಾರಂಟಿ ಇದ್ದಿದ್ರಿಂದ ಮದರ್‌ಬೋರ್ಡನ್ನೇ ಬದಲಾಯಿಸಿ ಕೊಟ್ರು, ಎಸ್‌ಎಸ್‌ಡಿ ಹಳೇದೇ, ಅದನ್ನ ಮುಟ್ಟಿಲ್ಲ ಅಂತ ಜಾಬ್ ಶೀಟ್‌ನಲ್ಲೂ ಬರ್ದಿದಾರೆ.

ಮನೆಗೆ ತಂದು ಆನ್ ಮಾಡಿದ್ರೆ ಮೊದ್ಲು ನೀಲಿ ಸ್ಕ್ರೀನ್ ಬಂದು ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ) ರಿಕವರಿ ಕೀ ಕೇಳ್ತು, 48 ಅಂಕಿ, ಪುಣ್ಯಕ್ಕೆ ಅಪ್ಪನ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇತ್ತು, ಹಾಕಿದ್ಮೇಲೆ ವಿಂಡೋಸ್ ಓಪನ್ ಆಯ್ತು, ಟ್ಯಾಲಿ ಡೇಟಾ ಸೇಫ್. ಆದ್ರೆ ಮಿಂಟಾ ವಿಂಡೋಸಾ ಅಂತ ಕೇಳೋ ಗ್ರಬ್ ಮೆನು ಬರ್ತಾನೇ ಇಲ್ಲ, ಲೋಗೋ ಬಂದು ಸೀದಾ ವಿಂಡೋಸ್. ಎಫ್12 ಒತ್ತಿದ್ರೆ ಬರೋ ಲಿಸ್ಟ್‌ನಲ್ಲೂ ವಿಂಡೋಸ್ ಬೂಟ್ ಮ್ಯಾನೇಜರ್ ಒಂದೇ ಇದೆ, ಮುಂಚೆ ಅದ್ರ ಮೇಲೆ ಉಬುಂಟು ಅಂತ ಒಂದು ಲೈನ್ ಇರ್ತಿತ್ತು (ಮಿಂಟ್ ಹಾಕಿದ್ರೂ ಯಾಕೆ ಉಬುಂಟು ಅಂತ ತೋರ್ಸುತ್ತೋ ಗೊತ್ತಿಲ್ಲ).

ಸರ್ವಿಸ್‌ನವ್ರಿಗೆ ಫೋನ್ ಮಾಡಿದ್ರೆ "ಲಿನಕ್ಸ್ ಹೋಗಿರುತ್ತೆ, ಪೂರ್ತಿ ಫಾರ್ಮ್ಯಾಟ್ ಹೊಡ್ದು ಎರಡೂ ಹೊಸದಾಗಿ ಹಾಕ್ಬೇಕು" ಅಂತಾರೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗ್ದು ನೋಡ್ದೆ, 120 ಜಿಬಿದು ಒಂದು ಪಾರ್ಟಿಷನ್ ಹೆಸ್ರಿಲ್ದೆ ಕೂತಿದೆ, ಅದೇ ಮಿಂಟ್ ಅನ್ಸುತ್ತೆ. ಅದ್ರಲ್ಲಿ ಫೈನಲ್ ಇಯರ್ ಪ್ರಾಜೆಕ್ಟ್ ಇದೆ, ಗಿಟ್‌ಗೆ ಪುಶ್ ಮಾಡ್ದೇ ಇರೋ ಬ್ರಾಂಚ್ ಬೇರೆ ಇದೆ, ಅಂದ್ರೆ ಆನ್‌ಲೈನ್‌ನಲ್ಲಿ ಕಾಪಿ ಇಲ್ಲ. ಯೂಟ್ಯೂಬ್‌ನಲ್ಲಿ ಒಬ್ರು ಬೂಟ್‌ರೆಕ್ ಫಿಕ್ಸ್‌ಎಂಬಿಆರ್ ಅನ್ನೋ ಕಮಾಂಡ್ ಕೊಡಿ ಅಂತಾರೆ, ಇನ್ನೊಬ್ರು ಈಸಿಬಿಸಿಡಿ ಅನ್ನೋ ಸಾಫ್ಟ್‌ವೇರ್ ಹಾಕಿ ಅಂತಾರೆ. ಏನ್ ಮಾಡ್ಲಿ? ಮೊದ್ಲೇ ಹೇಳ್ಬಿಡ್ತೀನಿ, ವಿಂಡೋಸ್‌ಗೆ ಏನಾದ್ರೂ ಆದ್ರೆ ಅಪ್ಪ ನನ್ನನ್ನ ಮನೇಲಿ ಇಟ್ಕೊಳಲ್ಲ.

ಪಿಸಿ_ಗುರು

ವಿಂಡೋಸ್ ಅಪ್‌ಡೇಟ್ ಆದಾಗ್ಲೆಲ್ಲಾ ಹಿಂಗೇ ಬ್ರೋ, ಗ್ರಬ್‌ನ ಹಾಳ್ ಮಾಡ್ಬಿಡುತ್ತೆ. ಡೇಟಾ ಬ್ಯಾಕಪ್ ತಗೊಂಡು ಮಿಂಟ್ ರೀಇನ್‌ಸ್ಟಾಲ್ ಮಾಡಿ, ಅರ್ಧ ಗಂಟೆ ಕೆಲಸ. ಇಲ್ಲಾಂದ್ರೆ ಡ್ಯುಯಲ್ ಬೂಟ್ ತಲೆನೋವೇ ಬೇಡ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸೋ ಡಬ್ಲ್ಯುಎಸ್‌ಎಲ್ ಹಾಕ್ಕೊಳ್ಳಿ ಸಾಕು.

ಟರ್ಮಿನಲ್_ತಾತ

ರೀಇನ್‌ಸ್ಟಾಲ್ ಏನೂ ಬೇಡ, ಇದು ವಿಂಡೋಸ್ ಅಪ್‌ಡೇಟ್ ಕೆಲಸಾನೂ ಅಲ್ಲ. ಕೋಡರ್, ನಿಮ್ಮ ಮಿಂಟ್ ಹಂಗೇ ಇದೆ. ಇದನ್ನ ಓದಿ ಮುಗ್ಸೋವರೆಗೂ ಏನನ್ನೂ ಕ್ಲಿಕ್ ಮಾಡಕ್ಕೆ ಹೋಗ್ಬೇಡಿ, ಅದ್ರಲ್ಲೂ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಆ 120 ಜಿಬಿ ಮೇಲೆ ರೈಟ್ ಕ್ಲಿಕ್ ಮಾಡ್ಬೇಡಿ, ಅಲ್ಲಿ ಕೆಲಸ ಮಾಡೋ ಆಪ್ಷನ್ ಇರೋದು ಡಿಲೀಟ್ ವಾಲ್ಯೂಮ್ ಒಂದೇ.

ಆಗಿರೋದು ಇಷ್ಟು. ಹಳೇ ಕಾಲದ ಬಯೋಸ್ (ಆನ್ ಮಾಡಿದ ಕೂಡ್ಲೇ ಬೋರ್ಡ್‌ನಲ್ಲಿ ಓಡೋ ಪ್ರೋಗ್ರಾಂ) ಮಷೀನ್‌ಗಳಲ್ಲಿ ಬೂಟ್ ಕೋಡು ಡಿಸ್ಕಿನ ಮೊದಲ್ನೇ ಸೆಕ್ಟರ್‌ನಲ್ಲಿ ಇರ್ತಿತ್ತು, 512 ಬೈಟು, ಅದನ್ನೇ ಎಂಬಿಆರ್ ಅನ್ನೋದು, ಆ ಫಿಕ್ಸ್‌ಎಂಬಿಆರ್ ಕಮಾಂಡೂ ಆ ಕಾಲದ್ದೇ. ಈಗ ಅದ್ರ ಜಾಗಕ್ಕೆ ಯುಇಎಫ್‌ಐ ಬಂದಿದೆ (ಬಾಯಿಮಾತಲ್ಲಿ ಅದನ್ನೂ ಬಯೋಸ್ ಅಂತೀವಿ), ಆ ಲ್ಯಾಪ್‌ಟಾಪ್‌ನಲ್ಲಿ ಎರಡು ವಸ್ತು ಬೇರೆ ಬೇರೆ ಜಾಗದಲ್ಲಿರುತ್ತೆ. ಬೂಟ್ ಮಾಡೋ ಫೈಲ್‌ಗಳು ಎಸ್‌ಎಸ್‌ಡಿಲಿ, ಇಎಫ್‌ಐ ಸಿಸ್ಟಮ್ ಪಾರ್ಟಿಷನ್ ಅಂತ ಫ್ಯಾಟ್32 ಇರೋ ಒಂದು ಪುಟ್ಟ ಪಾರ್ಟಿಷನ್ ಒಳಗೆ, 100 ಎಂಬಿನೋ 260 ಎಂಬಿನೋ ಇರುತ್ತೆ. ಅಲ್ಲಿ ಮೈಕ್ರೋಸಾಫ್ಟ್ ಅಂತ ಒಂದು ಫೋಲ್ಡರು, ಉಬುಂಟು ಅಂತ ಒಂದು ಫೋಲ್ಡರು. ಮಿಂಟ್ ಉಬುಂಟು ಮೇಲೆ ಕಟ್ಟಿರೋದು, ಬೂಟ್‌ಲೋಡರ್‌ಗೆ ಅದೇ ಹೆಸರು ಉಳ್ಸಿಕೊಂಡಿದಾರೆ, ನಿಮ್ಮ ಅನುಮಾನಕ್ಕೆ ಉತ್ತರ ಅದು. ಆದ್ರೆ ಎಫ್12 ಒತ್ತಿದಾಗ ಕಾಣೋ ಲಿಸ್ಟು, ಮೊದ್ಲು ಯಾವ್ದು ಆಮೇಲೆ ಯಾವ್ದು ಅನ್ನೋ ಆರ್ಡರು, ಇದು ಎಸ್‌ಎಸ್‌ಡಿಲಿ ಇರಲ್ಲ, ಮದರ್‌ಬೋರ್ಡ್ ಮೇಲಿರೋ ಚಿಪ್‌ನಲ್ಲಿರುತ್ತೆ, ಎನ್‌ವಿರಾಮ್ ಅಂತಾರೆ. ನಿಮ್ಮ ಹಳೇ ಲಿಸ್ಟು ಹಳೇ ಬೋರ್ಡ್ ಜೊತೆ ಸರ್ವಿಸ್ ಸೆಂಟರ್‌ನಲ್ಲೇ ಉಳೀತು. ಮನೆ ಇದ್ದಲ್ಲೇ ಇದೆ, ಪೋಸ್ಟ್‌ಮ್ಯಾನ್ ಹೊಸಬ, ಅಷ್ಟೇ.

ಹಂಗಾದ್ರೆ ವಿಂಡೋಸ್ ಹೆಂಗೆ ಬಂತು ಅಂತ ಕೇಳ್ಬಹುದು. ಎಷ್ಟೋ ಬಯೋಸ್‌ಗಳು ಲಿಸ್ಟ್ ಖಾಲಿ ಇದ್ರೆ ಮೈಕ್ರೋಸಾಫ್ಟ್ ಫೋಲ್ಡರ್‌ನ ಬೂಟ್‌ಎಂಜಿಎಫ್‌ಡಬ್ಲ್ಯು ಅನ್ನೋ ಫೈಲನ್ನ ತಾವೇ ಹುಡುಕಿ ಎಂಟ್ರಿ ಮಾಡ್ಕೊಳ್ತವೆ. ಉಬುಂಟು ಫೋಲ್ಡರ್‌ಗೆ ಆ ಮರ್ಯಾದೆ ಸಿಗಲ್ಲ. ಬಿಟ್‌ಲಾಕರ್ ಕೀ ಕೇಳಿದ್ದಕ್ಕೂ ಕಾರಣ ಇದೇ ಥರದ್ದು, ಅದ್ರ ಕೀ ಕಟ್ಟಿದ್ದು ಹಳೇ ಬೋರ್ಡಿನ ಟಿಪಿಎಂ ಅನ್ನೋ ಭದ್ರತಾ ಚಿಪ್‌ಗೆ.

ಮೊದ್ಲು ನಾನು ಹೇಳಿದ್ದು ನಿಜಾನಾ ನೋಡ್ಕೊಳ್ಳಿ, ವಿಂಡೋಸ್‌ನಿಂದಲೇ ಆಗುತ್ತೆ. ಕಮಾಂಡ್‌ಗಳನ್ನ ಫೋನ್‌ನಲ್ಲಿ ಕೂತು ಉಚ್ಚಾರದ ಹಾಗೆ ಕನ್ನಡದಲ್ಲೇ ಹೊಡೀತಿದೀನಿ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕ್ಕೊಳ್ಳಿ. ಕಮಾಂಡ್ ಪ್ರಾಂಪ್ಟ್‌ನ ಅಡ್ಮಿನ್ ಆಗಿ ತೆಗೀರಿ, "ಮೌಂಟ್‌ವಾಲ್ ಎಸ್: /ಎಸ್" ಕೊಡಿ, ಆ ಪುಟ್ಟ ಪಾರ್ಟಿಷನ್‌ಗೆ ಎಸ್ ಅಂತ ಡ್ರೈವ್ ಲೆಟರ್ ಬರುತ್ತೆ. ಆಮೇಲೆ "ಡಿಐಆರ್ ಎಸ್:\ಇಎಫ್‌ಐ" ಕೊಡಿ. ಅಲ್ಲಿ ಉಬುಂಟು ಕಾಣಿಸ್ತು ಅಂದ್ರೆ ಮುಕ್ಕಾಲು ಕೆಲಸ ಮುಗೀತು. ಒಳಗೆ ಶಿಮ್‌ಎಕ್ಸ್64, ಗ್ರಬ್‌ಎಕ್ಸ್64 ಅಂತ ಎರಡು ಇಎಫ್‌ಐ ಫೈಲ್ ಇರ್ಬೇಕು.

ಇದ್ರೆ ಮಾಡ್ಬೇಕಾದ್ದು ಇಷ್ಟೇ, ಹೊಸ ಬೋರ್ಡ್‌ಗೆ ಆ ಫೈಲಿನ ವಿಳಾಸ ಹೇಳಿಕೊಡೋದು. ಮಿಂಟ್ ಪೆನ್‌ಡ್ರೈವ್ ಹಾಕಿ ಲೈವ್ ಆಗಿ, ಅಂದ್ರೆ ಇನ್‌ಸ್ಟಾಲ್ ಮಾಡ್ದೆ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ, ಇನ್‌ಸ್ಟಾಲ್ ಐಕಾನ್ ಮುಟ್ಬೇಡಿ. ಟರ್ಮಿನಲ್‌ನಲ್ಲಿ "ಎಲ್‌ಎಸ್‌ಬಿಎಲ್‌ಕೆ ‑ಎಫ್" ಕೊಟ್ರೆ ಪಾರ್ಟಿಷನ್ ಎಲ್ಲಾ ಕಾಣುತ್ತೆ, ವಿಫ್ಯಾಟ್ ಅಂತ ಇರೋ ಪುಟ್ಟದು ಯಾವ ನಂಬರ್ ಅಂತ ನೋಡಿ, ಸಾಮಾನ್ಯವಾಗಿ 1. ಆಮೇಲೆ ಇದು:

ಸುಡೊ ಇಎಫ್‌ಐಬೂಟ್‌ಎಂಜಿಆರ್ ‑ಸಿ ‑ಡಿ /ಡೆವ್/ಎನ್‌ವಿಎಂಇ0ಎನ್1 ‑ಪಿ 1 ‑ಎಲ್ ಮಿಂಟ್ ‑ಎಲ್ '\ಇಎಫ್‌ಐ\ಉಬುಂಟು\ಶಿಮ್‌ಎಕ್ಸ್64.ಇಎಫ್‌ಐ'

ಇಲ್ಲಿ ಮೊದಲ್ನೇ ಎಲ್ ದೊಡ್ಡಕ್ಷರ, ಅದು ಹೆಸರಿಗೆ, ಎರಡನೇ ಎಲ್ ಸಣ್ಣಕ್ಷರ, ಅದು ಫೈಲ್‌ಗೆ. ಪಾತ್‌ನ ಸಿಂಗಲ್ ಕೋಟ್ ಒಳಗೇ ಹಾಕಿ, ಇಲ್ಲಾಂದ್ರೆ ಬ್ಯಾಕ್‌ಸ್ಲ್ಯಾಶ್‌ನ ಶೆಲ್ ನುಂಗಿಬಿಡುತ್ತೆ, ಎಂಟ್ರಿ ಆದ ಹಾಗೆ ಕಾಣುತ್ತೆ ಆದ್ರೆ ಬೂಟ್ ಆಗಲ್ಲ, ಈ ಒಂದು ವಿಷಯಕ್ಕೆ ಜನ ರಾತ್ರಿಯೆಲ್ಲಾ ಕೂತಿರ್ತಾರೆ. ಗ್ರಬ್ ಫೈಲ್ ಬದ್ಲು ಶಿಮ್ ಫೈಲನ್ನೇ ಕೊಡ್ಬೇಕು, ಯಾಕಂದ್ರೆ ಸೆಕ್ಯೂರ್ ಬೂಟ್ ಆನ್ ಇದ್ರೆ ಸಹಿ ಇರೋ ಪ್ರೋಗ್ರಾಂ ಮಾತ್ರ ಬೂಟ್ ಆಗುತ್ತೆ, ಮೈಕ್ರೋಸಾಫ್ಟ್ ಸಹಿ ಇರೋದು ಶಿಮ್‌ಗೆ, ಅದು ಗ್ರಬ್‌ನ ಪರೀಕ್ಷೆ ಮಾಡಿ ಒಳಗೆ ಬಿಡುತ್ತೆ. ಹೊಸ ಎಂಟ್ರಿ ತಾನಾಗೇ ಲಿಸ್ಟಿನಲ್ಲಿ ಎಲ್ಲಕ್ಕಿಂತ ಮೇಲೆ ಬರುತ್ತೆ. ಗ್ರಬ್‌ನ ಮೆನು ಫೈಲು ಎಸ್‌ಎಸ್‌ಡಿಲೇ ಇರೋದ್ರಿಂದ ಅದ್ರೊಳಗೆ ಮಿಂಟ್, ವಿಂಡೋಸ್ ಎರಡೂ ಮುಂಚಿನ ಹಾಗೇ ಇರುತ್ತೆ.

ಈಸಿಬಿಸಿಡಿ ಬೇಡ. ಯುಇಎಫ್‌ಐನಲ್ಲಿ ಅದ್ರಿಂದ ಲಿನಕ್ಸ್ ಎಂಟ್ರಿ ಆಗಲ್ಲ.

ಗಿರ್ಮಿಟ್

ತಮ್ಮಾ, ತಾತಾ ಅವರು ಹೇಳಿದ್ದು ಬರೋಬ್ಬರಿ ಐತಿ, ನಾ ಒಂದೆರಡು ಮಾತು ಸೇರಸ್ತೀನಿ. ಪೆನ್‌ಡ್ರೈವ್‌ದಿಂದ ಲೈವ್ ಬೂಟ್ ಆದ ಕೂಡ್ಲೇ ಮೊದಲ ಫೈಲ್ ಮ್ಯಾನೇಜರ್ ತಗದು ಆ 120 ಜಿಬಿ ಪಾರ್ಟಿಷನ್ ಮ್ಯಾಲೆ ಕ್ಲಿಕ್ ಮಾಡು, ಓಪನ್ ಆಗ್ತದ, ಹೋಮ್ ಫೋಲ್ಡರ್‌ನ್ಯಾಗ ನಿನ್ನ ಪ್ರಾಜೆಕ್ಟ್ ಇರ್ತದ, ಅದನ್ನ ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಹೊಡ್ಕೊ. ಗಿಟ್ ಇದ್ದರ ಆ ಚುಕ್ಕಿ ಗಿಟ್ ಫೋಲ್ಡರೂ ಸೇರಿಸಿ, ಅದು ಹಿಡನ್ ಇರ್ತದ, ಕಂಟ್ರೋಲ್ ಎಚ್ ಒತ್ತಿದರ ಕಾಣ್ತದ. ಬೂಟ್ ರಿಪೇರಿ ಆಮ್ಯಾಲಿನ ಮಾತು. ಅಲ್ಲೇ ಕೈ ಹಚ್ಚಿ ವಿಂಡೋಸ್ ಪಾರ್ಟಿಷನ್ ತಗ್ಯಾಕ ಹೋಗಬ್ಯಾಡ, ಬಿಟ್‌ಲಾಕರ್ ಐತಿ, ಪಾಸ್‌ವರ್ಡ್ ಕೇಳ್ತದ, ಸುಮ್ಮ ಬಿಡು.

ಇನ್ನೊಂದ, ಕೆಲವು ಲ್ಯಾಪ್‌ಟಾಪ್‌ನ್ಯಾಗ ಇಷ್ಟೆಲ್ಲಾ ಕಮಾಂಡ್ ಹೊಡಿಯೋದೂ ಬ್ಯಾಡ. ಬಯೋಸ್ ಒಳಗ ಬೂಟ್ ಅನ್ನೋ ಪೇಜಿನ್ಯಾಗ "ಆ್ಯಡ್ ಬೂಟ್ ಆಪ್ಷನ್" ಅಂತ ಇರ್ತದ, ಅದರಾಗ ಹೋಗಿ ಫೋಲ್ಡರ್ ಹಿಡ್ಕೊಂಡು ಉಬುಂಟು, ಅದರೊಳಗ ಶಿಮ್ ಫೈಲ್ ಆರಿಸಿ ಹೆಸರು ಕೊಟ್ಟು ಸೇವ್ ಮಾಡಿದರ ಮುಗೀತು. ಎಲ್ಲಾ ಕಂಪನಿ ಬಯೋಸ್‌ನ್ಯಾಗ ಇರಂಗಿಲ್ಲ ಮತ್ತ, ಕೆಲವರು ಬಯೋಸ್‌ಗೆ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿದ ಮ್ಯಾಲೇ ಆ ಆಪ್ಷನ್ ತೋರಸ್ತಾರ.

ಪಿಸಿ_ಗುರು ಅವರ, ಡಬ್ಲ್ಯುಎಸ್‌ಎಲ್ ಚಲೋನೇ ಐತ್ರಿ, ಆದರ ಹುಡುಗ ಕೇಳಿದ್ದು ಅದಲ್ಲಲ್ಲ. ಮತ್ತ ವಿಂಡೋಸ್ ಅಪ್‌ಡೇಟ್‌ದಿಂದ ಖರೇನೇ ತ್ರಾಸ ಆಗಿದ್ದು 2024ರ ಆಗಸ್ಟ್‌ನ್ಯಾಗ. ಎಸ್‌ಬ್ಯಾಟ್ ಅಂತ ಹಳೇ ಶಿಮ್, ಗ್ರಬ್‌ಗಳನ್ನ ತಡಿಯೋ ಲಿಸ್ಟ್ ಒಂದನ್ನ ಅಪ್‌ಡೇಟ್ ಜೋಡಿ ಕಳಿಸಿದ್ರು, ಡ್ಯುಯಲ್ ಬೂಟ್ ಇದ್ದವರಿಗೆ ಅದು ಹಚ್ಚಂಗಿಲ್ಲ ಅಂದಿದ್ರು, ಆದರೂ ಭಾಳ ಮಂದಿಗೆ ಹಚ್ಚಿತು. ಆವಾಗ ಮೆನು ಬರದಂಗ "ಸಮ್‌ಥಿಂಗ್ ಹ್ಯಾಸ್ ಗಾನ್ ಸೀರಿಯಸ್ಲಿ ರಾಂಗ್" ಅಂತ ಬಂದು ಮಷೀನೇ ಆಫ್ ಆಗ್ತಿತ್ತು. ಇಲ್ಲಿ ಹಂಗೇನಿಲ್ಲ, ಲಿಸ್ಟಿನ್ಯಾಗ ಹೆಸರೇ ಇಲ್ಲ. ಎರಡಕ್ಕೂ ಔಷಧ ಬ್ಯಾರೆ.

ಬೆಣ್ಣೆದೋಸೆ_ಕೋಡರ್

ತಾತಾ ಸರ್, ಡಿಐಆರ್ ಕೊಟ್ಟೆ, ಬೂಟ್, ಮೈಕ್ರೋಸಾಫ್ಟ್, ಉಬುಂಟು ಮೂರೂ ಇದೆ!! ಉಬುಂಟು ಒಳಗೆ ನೀವು ಹೇಳಿದ ಎರಡು ಫೈಲೂ ಇದೆ. ಗಿರ್ಮಿಟ್ ಅಣ್ಣ ಹೇಳಿದ್ಹಂಗೆ ಲೈವ್ ಬೂಟ್ ಮಾಡಿ ಪ್ರಾಜೆಕ್ಟ್ ಕಾಪಿ ಮಾಡ್ಕೊಂಡೆ, ಈಗ ನೆಮ್ಮದಿ. ಬಯೋಸ್‌ನಲ್ಲಿ ಆ್ಯಡ್ ಬೂಟ್ ಆಪ್ಷನ್ ಇಲ್ಲ ನಂದ್ರಲ್ಲಿ, ಬರೀ ಮೇಲೆ ಕೆಳಗೆ ಮಾಡೋದು ಮಾತ್ರ ಇದೆ.

ಆದ್ರೆ ಆ ಕಮಾಂಡ್ ಕೊಟ್ರೆ "ಇಎಫ್‌ಐ ವೇರಿಯಬಲ್ಸ್ ಆರ್ ನಾಟ್ ಸಪೋರ್ಟೆಡ್ ಆನ್ ದಿಸ್ ಸಿಸ್ಟಮ್" ಅಂತಿದೆ. ಬೋರ್ಡೇ ಸಪೋರ್ಟ್ ಮಾಡಲ್ವಾ ಹಂಗಾದ್ರೆ?

ಟರ್ಮಿನಲ್_ತಾತ

ಬೋರ್ಡ್ ಸಪೋರ್ಟ್ ಮಾಡುತ್ತೆ, ನಿಮ್ಮ ಪೆನ್‌ಡ್ರೈವ್ ಲೆಗಸಿ, ಅಂದ್ರೆ ಹಳೇ ಬಯೋಸ್ ಮೋಡ್‌ನಲ್ಲಿ ಬೂಟ್ ಆಗಿದೆ. ಎಫ್12 ಲಿಸ್ಟ್‌ನಲ್ಲಿ ಪೆನ್‌ಡ್ರೈವ್ ಎರಡು ಸಲ ಕಾಣ್ತಿರುತ್ತೆ ನೋಡಿ, ಒಂದು ಸುಮ್ನೆ ಹೆಸರು, ಇನ್ನೊಂದು ಯುಇಎಫ್‌ಐ ಅಂತ ಮುಂದೆ ಇರೋದು. ಎರಡನೇದನ್ನ ಆರಿಸಿ. ಬೂಟ್ ಆದ್ಮೇಲೆ "ಎಲ್‌ಎಸ್ /ಸಿಸ್/ಫರ್ಮ್‌ವೇರ್" ಕೊಟ್ಟು ಅಲ್ಲಿ ಇಎಫ್‌ಐ ಅನ್ನೋ ಫೋಲ್ಡರ್ ಇದ್ರೆ ಸರಿಯಾದ ಮೋಡ್‌ನಲ್ಲಿ ಇದೀರಿ ಅಂತ.

ಅಂದ್ಹಂಗೆ ಲೆಗಸಿ ಬೂಟ್ ಆಗಿದೆ ಅಂದ್ರೆ ಹೊಸ ಬೋರ್ಡಿನ ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಇದೆ, ಎರಡೂ ಒಟ್ಟಿಗೆ ಇರಲ್ಲ. ಈಗ್ಲೇ ಆನ್ ಮಾಡ್ಬೇಡಿ. ಮೊದ್ಲು ಎಂಟ್ರಿ ಆಗ್ಲಿ, ಮಿಂಟ್ ಬರ್ಲಿ. ಆಮೇಲೆ ಆನ್ ಮಾಡುವಾಗ ಅಪ್ಪನ ರಿಕವರಿ ಕೀ ಪಕ್ಕದಲ್ಲಿ ಬರ್ಕೊಂಡು ಕೂರಿ, ಆ ಸೆಟ್ಟಿಂಗ್ ಮುಟ್ಟಿದ್ರೆ ಬಿಟ್‌ಲಾಕರ್ ಮತ್ತೆ ಕೇಳುತ್ತೆ. ಶಿಮ್‌ನ ಒಳಗೇ ಬಿಡ್ದೆ ಸೆಕ್ಯೂರ್ ಬೂಟ್ ವಯೊಲೇಶನ್ ಅಂತ ಬಂದ್ರೆ ಬಯೋಸ್‌ನಲ್ಲಿ "ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ" ಅಂತ ಒಂದು ಸ್ವಿಚ್ ಇದೆಯಾ ನೋಡಿ, ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಆಫ್ ಆಗೇ ಬರುತ್ತೆ, ಶಿಮ್‌ಗೆ ಇರೋದು ಆ ಸರ್ಟಿಫಿಕೇಟಿನ ಸಹಿ.

ಬೆಣ್ಣೆದೋಸೆ_ಕೋಡರ್

ಸರ್ ಬಂತು!!! ಯುಇಎಫ್‌ಐ ಅಂತ ಇದ್ದಿದ್ದನ್ನ ಆರಿಸಿ ಕಮಾಂಡ್ ಕೊಟ್ಟೆ, ಕೊನೇಲಿ ಬೂಟ್ ಆರ್ಡರ್ 0001, 0000 ಅಂತ ತೋರ್ಸ್ತು, ರೀಸ್ಟಾರ್ಟ್ ಮಾಡಿದ್ರೆ ಅದೇ ಹಳೇ ಮೆನು, ಮಿಂಟ್ ಒಳಗೆ ವಾಲ್‌ಪೇಪರ್ ಕೂಡ ಹಂಗೇ ಇದೆ. ಪ್ರಾಜೆಕ್ಟ್ ಪುಶ್ ಮಾಡಿಬಿಟ್ಟೆ ಮೊದ್ಲು. ಅಪ್ಪಂಗೆ ತೋರ್ಸಿದ್ರೆ "ಟ್ಯಾಲಿ ಓಪನ್ ಆಗುತ್ತಲ್ಲ, ಆಯ್ತು ಬಿಡು" ಅಂದ್ರು.

ಸೆಕ್ಯೂರ್ ಬೂಟ್ ಆನ್ ಮಾಡ್ದೆ, ಕೀ ಕೇಳ್ತು, ಹಾಕ್ದೆ. ಈಗ ಎರಡು ಹೊಸ ತರಲೆ. ಒಂದು, ಮಿಂಟ್‌ನಲ್ಲಿ (ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಓಡಿಸೋ) ವರ್ಚುವಲ್‌ಬಾಕ್ಸ್‌ ಮಷೀನ್ ಸ್ಟಾರ್ಟ್ ಮಾಡಿದ್ರೆ ಕರ್ನಲ್ ಡ್ರೈವರ್ ನಾಟ್ ಇನ್‌ಸ್ಟಾಲ್ಡ್, ಆರ್‌ಸಿ ‑1908 ಅಂತ ಬರುತ್ತೆ, ಸರ್ವಿಸ್‌ಗೆ ಕೊಡೋಕೆ ಮುಂಚೆ ಚೆನ್ನಾಗೇ ಓಡ್ತಿತ್ತು, ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕ್ಲಾ? ಇನ್ನೊಂದು, ಗ್ರಬ್ ಮೆನುನಲ್ಲಿ ವಿಂಡೋಸ್ ಆರಿಸಿದ್ರೆ ಬಿಟ್‌ಲಾಕರ್ ಕೀ ಕೇಳುತ್ತೆ, ಅದೇ ಎಫ್12ನಿಂದ ವಿಂಡೋಸ್‌ಗೆ ಹೋದ್ರೆ ಕೇಳಲ್ಲ.

ಲ್ಯಾಬ್_ಮೇಡಂ

ವರ್ಚುವಲ್‌ಬಾಕ್ಸ್ ಮರು ಇನ್‌ಸ್ಟಾಲ್ ಮಾಡಬೇಡಿ, ಅದರ ತಪ್ಪಲ್ಲ. ನಮ್ಮ ಕಾಲೇಜು ಲ್ಯಾಬ್‌ನಲ್ಲಿ ಎಲ್ಲಾ ಮಷೀನೂ ಡ್ಯುಯಲ್ ಬೂಟೇ, ಬಯೋಸ್ ರಿಸೆಟ್ ಆದಾಗ ಬೋರ್ಡ್ ಬದಲಾದಾಗ ಈ ಕಂಪ್ಲೇಂಟ್ ಬಂದೇ ಬರುತ್ತೆ, ಗ್ರಬ್ ಸರಿ ಮಾಡಿ ಎದ್ದು ಹೋಗ್ತಾರೆ ಇದನ್ನ ಮರೀತಾರೆ.

ಸೆಕ್ಯೂರ್ ಬೂಟ್ ಆನ್ ಇದ್ದಾಗ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳಿನ ಒಳಗೆ ಹೋಗೋ ಪ್ರತಿ ಡ್ರೈವರ್‌ಗೂ ಸಹಿ ಬೇಕು. ಉಬುಂಟು ಜೊತೆ ಬರೋ ಡ್ರೈವರ್‌ಗಳಿಗೆ ಅವರ ಸಹಿ ಇರುತ್ತೆ, ಆದರೆ ವರ್ಚುವಲ್‌ಬಾಕ್ಸ್‌ದು ನಿಮ್ಮ ಮಷೀನಿನಲ್ಲೇ ಡಿಕೆಎಂಎಸ್ ಅನ್ನೋ ಟೂಲ್ ಮೂಲಕ ಕಂಪೈಲ್ ಆಗೋದು, ಅದಕ್ಕೆ ನಿಮ್ಮ ಮಷೀನೇ ಒಂದು ಕೀ ತಯಾರಿಸಿ ಸಹಿ ಹಾಕುತ್ತೆ. ಮೋಕ್ ಅಂತಾರೆ ಆ ಕೀಗೆ. ಮೊದಲ ಸಲ ವರ್ಚುವಲ್‌ಬಾಕ್ಸ್ ಹಾಕಿದಾಗ ಒಂದು ಪಾಸ್‌ವರ್ಡ್ ಇಡಿ ಅಂತ ಕೇಳಿ, ರೀಸ್ಟಾರ್ಟ್‌ನಲ್ಲಿ ನೀಲಿ ಸ್ಕ್ರೀನ್ ಬಂದಿರಬೇಕು ನೆನಪು ಮಾಡ್ಕೊಳ್ಳಿ. ಆವಾಗ "ಈ ಕೀಯನ್ನ ನಂಬು" ಅಂತ ದಾಖಲಾಗಿದ್ದು ಎಲ್ಲಿ? ಅದೇ ಎನ್‌ವಿರಾಮ್‌ನಲ್ಲಿ, ಹಳೇ ಬೋರ್ಡ್‌ನಲ್ಲಿ. ಕೀ ಎಸ್‌ಎಸ್‌ಡಿಲಿ ಇದೆ, ಹೊಸ ಬೋರ್ಡ್‌ಗೆ ಅದರ ಪರಿಚಯ ಇಲ್ಲ. "ಸುಡೊ ಮಾಡ್‌ಪ್ರೋಬ್ ವಿಬಾಕ್ಸ್‌ಡಿಆರ್‌ವಿ" ಕೊಟ್ಟು ನೋಡಿ, "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್" ಅಂತ ಬಂದರೆ ಇದೇ ಕಾರಣ.

ಹಾಗೆ ಬಂದರೆ ಇದನ್ನ ಕೊಡಿ:

ಸುಡೊ ಮೋಕ್‌ಯುಟಿಲ್ ‑‑ಇಂಪೋರ್ಟ್ /ವಾರ್/ಲಿಬ್/ಶಿಮ್‑ಸೈನ್ಡ್/ಮೋಕ್/ಮೋಕ್.ಡಿಇಆರ್

ಕೊನೆಯ ಫೈಲ್ ಹೆಸರಿನಲ್ಲಿ ಮೋಕ್ ಮೂರೂ ದೊಡ್ಡಕ್ಷರ, ಫೋಲ್ಡರ್ ಹೆಸರಿನಲ್ಲಿ ಸಣ್ಣಕ್ಷರ. ಒಂದು ಪಾಸ್‌ವರ್ಡ್ ಎರಡು ಸಲ ಕೇಳುತ್ತೆ, ಅದು ಒಂದೇ ಸಲ ಉಪಯೋಗಕ್ಕೆ, 12345678 ಥರ ಬರೀ ಅಂಕಿ ಇಟ್ಟರೂ ಸಾಕು. ಅಂಕಿ ಅಂತ ಯಾಕೆ ಹೇಳಿದೆ ಅಂದ್ರೆ ಆ ನೀಲಿ ಸ್ಕ್ರೀನಿನಲ್ಲಿ ನಿಮ್ಮ ಕೀಬೋರ್ಡ್ ಲೇಔಟ್ ಇರಲ್ಲ, ವಿಶೇಷ ಚಿಹ್ನೆ ಹಾಕಿದವರು ಅಲ್ಲಿ ಒದ್ದಾಡ್ತಾರೆ. ರೀಸ್ಟಾರ್ಟ್ ಕೊಟ್ಟು ಸ್ಕ್ರೀನ್ ಮುಂದೆಯೇ ಇರಿ, "ಪ್ರೆಸ್ ಎನಿ ಕೀ" ಅಂತ ಹತ್ತು ಸೆಕೆಂಡ್ ತೋರಿಸುತ್ತೆ, ಒತ್ತದಿದ್ದರೆ ಸುಮ್ಮನೆ ಮುಂದೆ ಹೋಗಿ ಬಿಡುತ್ತೆ, ಮತ್ತೆ ಮೊದಲಿಂದ ಇಂಪೋರ್ಟ್ ಮಾಡಬೇಕು. ಒತ್ತಿದರೆ ಎನ್‌ರೋಲ್ ಮೋಕ್, ಕಂಟಿನ್ಯೂ, ಯೆಸ್, ಪಾಸ್‌ವರ್ಡ್, ರೀಬೂಟ್. ಸೆಕ್ಯೂರ್ ಬೂಟ್ ಆಫ್ ಮಾಡಿಬಿಡಿ ಅಂತ ಯಾರಾದರೂ ಬಂದು ಹೇಳ್ತಾರೆ ಈಗ. ಮಾಡಿದರೂ ಓಡುತ್ತೆ, ಆದರೆ ಮನೆಯಲ್ಲಿ ಬಿಟ್‌ಲಾಕರ್ ಇರೋ ವಿಂಡೋಸ್ ಜೊತೆಗಿದ್ದಾಗ ಆ ಸ್ವಿಚ್ ಜೊತೆ ಆಟ ಬೇಡ ಅನ್ನೋದು ನನ್ನ ಅಭಿಪ್ರಾಯ.

ಟರ್ಮಿನಲ್_ತಾತ

ಮೇಡಂ ಹೇಳಿದ್ದೇ ಸರಿ. ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್ ಹಾಕ್ಕೊಂಡೋರಿಗೂ ಇದೇ ಆಗುತ್ತೆ, ಬೋರ್ಡ್ ಬದ್ಲಾದ್ಮೇಲೆ ಸ್ಕ್ರೀನ್ ರೆಸಲ್ಯೂಷನ್ ಕೆಟ್ಟೋಯ್ತು ಅಂತ ಬರ್ತಾರೆ.

ಎರಡನೇ ತರಲೆಗೆ: ಬಿಟ್‌ಲಾಕರ್ ತಾನು ಯಾವ ದಾರೀಲಿ ಬೂಟ್ ಆದೆ ಅನ್ನೋದನ್ನ ಟಿಪಿಎಂನಲ್ಲಿ ಅಳೆದು ಇಟ್ಕೊಂಡಿರುತ್ತೆ. ಬಯೋಸ್‌ನಿಂದ ನೇರ ವಿಂಡೋಸ್‌ಗೆ ಹೋದ್ರೆ ಒಂದು ಅಳತೆ, ಶಿಮ್, ಗ್ರಬ್ ದಾಟಿ ಹೋದ್ರೆ ಇನ್ನೊಂದು. ಅಳತೆ ಹೊಂದ್ಲಿಲ್ಲ ಅಂದ್ರೆ ಕೀ. ಹಂಗಾಗಿ ಯಾವ್ದಾದ್ರೂ ಒಂದೇ ದಾರಿ ಹಿಡೀರಿ. ನಿಮ್ಮ ಮನೆ ಪರಿಸ್ಥಿತೀಲಿ ನಾನು ಹೇಳೋದು, ಗ್ರಬ್ ಮೆನುನಿಂದ ವಿಂಡೋಸ್‌ಗೆ ಹೋಗೋದೇ ಬೇಡ. ಬೂಟ್ ಆರ್ಡರ್‌ನಲ್ಲಿ ವಿಂಡೋಸ್‌ನ ಮೊದ್ಲು ಇಡಿ, ಅಪ್ಪ ಬಟನ್ ಒತ್ತಿದ್ರೆ ಸೀದಾ ವಿಂಡೋಸ್, ಯಾವ ಮೆನುನೂ ಇಲ್ಲ. ನಿಮಗೆ ಮಿಂಟ್ ಬೇಕಾದಾಗ ಎಫ್12. "ಸುಡೊ ಇಎಫ್‌ಐಬೂಟ್‌ಎಂಜಿಆರ್ ‑ಒ 0000,0001" ಕೊಟ್ರೆ ಆರ್ಡರ್ ಬದ್ಲಾಗುತ್ತೆ, ನಿಮ್ಮಲ್ಲಿ 0000 ವಿಂಡೋಸೇ ತಾನೇ ಅಂತ ಬರೀ ಇಎಫ್‌ಐಬೂಟ್‌ಎಂಜಿಆರ್ ಕೊಟ್ಟು ಒಂದ್ಸಲ ನೋಡ್ಕೊಂಡು ಮಾಡಿ. ಮಿಂಟ್‌ನಲ್ಲಿ ಕೂತಿದ್ದಾಗ ಅಪ್ಪ ಕೇಳಿದ್ರೆ "‑ಎನ್ 0000" ಕೊಟ್ಟು ರೀಸ್ಟಾರ್ಟ್ ಮಾಡಿ, ಮುಂದಿನ ಒಂದು ಬೂಟ್ ಮಾತ್ರ ವಿಂಡೋಸ್‌ಗೆ ಹೋಗುತ್ತೆ, ಗ್ರಬ್ ನಡುವೆ ಬರಲ್ಲ, ಕೀನೂ ಕೇಳಲ್ಲ.

ಮಳೆಗಾಲ_ಬಂತು

ನಡುವೆ ಬಾಯಿ ಹಾಕ್ತಿದೀನಿ ಕ್ಷಮಿಸಿ, ನಂದು ಸ್ವಲ್ಪ ಉಲ್ಟಾ ಕೇಸು. ಉಬುಂಟು ಬೇಡ ಅಂತ ವಿಂಡೋಸ್‌ನಿಂದ ಆ ಪಾರ್ಟಿಷನ್ ಡಿಲೀಟ್ ಮಾಡಿ ಜಾಗ ಸಿ ಡ್ರೈವ್‌ಗೆ ಸೇರಿಸ್ಕೊಂಡೆ. ಈಗ ಆನ್ ಮಾಡಿದ್ರೆ ಕಪ್ಪು ಸ್ಕ್ರೀನ್‌ನಲ್ಲಿ ಗ್ರಬ್ ಅಂತ ಬಂದು ಕರ್ಸರ್ ಮಿಣಮಿಣ ಅಂತಿದೆ, ಎಫ್12ನಿಂದ ವಿಂಡೋಸ್ ಬೂಟ್ ಆಗುತ್ತೆ. ದಿನಾ ಎಫ್12 ಒತ್ತಿ ಸಾಕಾಯ್ತು.

ಟರ್ಮಿನಲ್_ತಾತ

ಬೇರೆ ಥ್ರೆಡ್ ಹಾಕಿದ್ರೆ ಚೆನ್ನಾಗಿತ್ತು, ಇರ್ಲಿ. ಅಲ್ಲಿ "ಎಕ್ಸಿಟ್" ಅಂತ ಹೊಡೆದ್ರೆ ಸದ್ಯಕ್ಕೆ ಮುಂದಿನ ಎಂಟ್ರಿಗೆ, ಅಂದ್ರೆ ವಿಂಡೋಸ್‌ಗೆ ಹೋಗುತ್ತೆ. ಗ್ರಬ್ ಪ್ರೋಗ್ರಾಂ ಆ ಪುಟ್ಟ ಪಾರ್ಟಿಷನ್‌ನಲ್ಲಿ ಉಳ್ಕೊಂಡಿದೆ, ಅದು ಓದ್ಬೇಕಾದ ಮೆನು ಫೈಲು ನೀವು ಡಿಲೀಟ್ ಮಾಡಿದ ಪಾರ್ಟಿಷನ್ ಜೊತೆ ಹೋಯ್ತು. ಮೇಲೆ ಹೇಳಿದ ಮೌಂಟ್‌ವಾಲ್ ಕೊಟ್ಟು, "ಆರ್‌ಡಿ /ಎಸ್ ಎಸ್:\ಇಎಫ್‌ಐ\ಉಬುಂಟು" ಕೊಟ್ಟು ಫೋಲ್ಡರ್ ತೆಗೆದು ಹಾಕಿ. ಟೈಪ್ ಮಾಡಿದ್ದನ್ನ ಎಂಟರ್ ಒತ್ತೋ ಮುಂಚೆ ಒಮ್ಮೆ ಓದಿ, ಉಬುಂಟು ಬಿಟ್ಟೋಗಿ ಬರೀ ಇಎಫ್‌ಐವರೆಗೆ ಇದ್ದು ಎಂಟರ್ ಹೊಡೆದ್ರೆ ವಿಂಡೋಸ್‌ದೂ ಹೋಗುತ್ತೆ.

ಲ್ಯಾಬ್_ಮೇಡಂ

ಹುಡುಕ್ಕೊಂಡು ಇಲ್ಲಿಗೆ ಬರೋರಿಗೆ ಇನ್ನೊಂದು ವಿಷಯ. ಗ್ರಬ್ ಮೆನು ಬರುತ್ತೆ ಆದರೆ ಅದರಲ್ಲಿ ವಿಂಡೋಸ್ ಹೆಸರೇ ಇಲ್ಲ ಅನ್ನೋರದ್ದು ಇದಲ್ಲ. 2021ರಲ್ಲಿ ಬಂದ ಗ್ರಬ್ 2.06ರಿಂದ ಓಎಸ್‑ಪ್ರೋಬರ್ ಅನ್ನೋದನ್ನ ಭದ್ರತೆ ಕಾರಣಕ್ಕೆ ಡಿಫಾಲ್ಟ್ ಆಗಿ ಆಫ್ ಇಟ್ಟಿದ್ದಾರೆ, ಬೇರೆ ಓಎಸ್ ಹುಡುಕಿ ಮೆನುಗೆ ಸೇರಿಸೋದು ಅದೇ. ಇಟಿಸಿ ಒಳಗಿನ ಡಿಫಾಲ್ಟ್ ಫೋಲ್ಡರ್‌ನಲ್ಲಿ ಗ್ರಬ್ ಅನ್ನೋ ಫೈಲ್ ತೆಗೆದು "ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್" ಅಂತ ಒಂದು ಲೈನ್ ಹಾಕಿ "ಸುಡೊ ಅಪ್‌ಡೇಟ್‑ಗ್ರಬ್" ಕೊಟ್ಟರೆ ವಿಂಡೋಸ್ ಬರುತ್ತೆ. ಮಿಂಟ್‌ನವರು 21ರಿಂದ ಅದನ್ನ ತಾವೇ ಆನ್ ಮಾಡಿ ಕೊಡ್ತಾರೆ. ಫೆಡೋರಾದಲ್ಲಿ ಅಪ್‌ಡೇಟ್‑ಗ್ರಬ್ ಕಮಾಂಡ್ ಇಲ್ಲ, ಗ್ರಬ್2‑ಎಂಕೆಕಾನ್ಫಿಗ್ ಕೊಡಬೇಕು.

ಬೆಣ್ಣೆದೋಸೆ_ಕೋಡರ್

ಮೇಡಂ ಥ್ಯಾಂಕ್ಯೂ, ಕೀ ರಿಜೆಕ್ಟೆಡ್ ಅಂತಲೇ ಬಂತು, ಎನ್‌ರೋಲ್ ಮಾಡಿದ್ಮೇಲೆ ವರ್ಚುವಲ್‌ಬಾಕ್ಸ್ ಓಡ್ತಿದೆ. ತಾತಾ ಸರ್, ಆರ್ಡರ್ ಉಲ್ಟಾ ಮಾಡ್ದೆ, ಅಪ್ಪ ಈಗ ಫುಲ್ ಖುಷಿ, ಮುಂಚೆನೂ ಆ ಮೆನು ಬಂದಾಗ ಅವ್ರಿಗೆ ಭಯ ಆಗ್ತಿತ್ತಂತೆ, ಈಗ ಹೇಳ್ತಿದಾರೆ. ಒಂದೇ ಒಂದು, ನಾನು ಮಿಂಟ್ ಬಳಸಿ ಆಫ್ ಮಾಡಿದ್ಮೇಲೆ ಅಪ್ಪ ವಿಂಡೋಸ್ ತೆಗೆದ್ರೆ ಗಡಿಯಾರ ಐದೂವರೆ ಗಂಟೆ ಹಿಂದೆ ಇರುತ್ತೆ, ಬಿಲ್ ಮೇಲೆ ಟೈಮ್ ತಪ್ಪು ಬರ್ತಿದೆ ಅಂತಾರೆ. ಹೊಸ ಬೋರ್ಡಿನ ಬ್ಯಾಟರಿ ವೀಕಾ?

ಗಿರ್ಮಿಟ್

ಬ್ಯಾಟರಿ ಅಲ್ಲೋ ತಮ್ಮಾ, ಬ್ಯಾಟರಿ ಹೋಗಿದ್ದರ ಲೆಕ್ಕಾ ಹಾಕಿದಂಗ ಐದೂವರೆ ತಾಸೇ ಯಾಕ ತಪ್ಪತಿತ್ತು. ಬೋರ್ಡಿನ ಗಡಿಯಾರದಾಗ ಲಿನಕ್ಸ್ ಗ್ರೀನಿಚ್ ಟೈಮ್ ಬರದಿಡ್ತದ, ವಿಂಡೋಸ್ ಅದನ್ನ ನಮ್ಮ ಟೈಮ್ ಅಂತ ತಿಳ್ಕೊಂತದ. ಮುಂಚೆ ನಿನ್ನ ಮಿಂಟ್‌ನ್ಯಾಗ ಇದರ ಸೆಟ್ಟಿಂಗ್ ಆಗಿತ್ತೋ ಇಲ್ಲೋ, ಇಂಟರ್ನೆಟ್ ಇದ್ದರ ವಿಂಡೋಸ್ ತಾನೇ ಆಮ್ಯಾಲೆ ಸರಿ ಮಾಡ್ಕೊಂತಿತ್ತು ಅಂತ ಯಾರೂ ನೋಡಿರಂಗಿಲ್ಲ. ಮಿಂಟ್‌ನ್ಯಾಗ "ಟೈಮ್‌ಡೇಟ್‌ಸಿಟಿಎಲ್ ಸೆಟ್‑ಲೋಕಲ್‑ಆರ್‌ಟಿಸಿ 1" ಕೊಡು, ಅದೂ ನಮ್ಮ ಟೈಮೇ ಬರೀತದ. ಒಂದು ವಾರ್ನಿಂಗ್ ತೋರಸ್ತದ, ಬ್ಯಾರೆ ದೇಶದಾಗ ಬ್ಯಾಸಗಿಗೊಮ್ಮೆ ಚಳಿಗಾಲಕ್ಕೊಮ್ಮೆ ಗಡಿಯಾರ ಹಿಂದ ಮುಂದ ಮಾಡ್ತಾರಲ್ಲ ಅವರಿಗೆ ಅದು ತ್ರಾಸ, ನಮಗಿಲ್ಲ.

ಮಳೆಗಾಲ_ಬಂತು

ತಾತಾ ಸರ್, ಫೋಲ್ಡರ್ ತೆಗ್ದೆ, ಈಗ ಸೀದಾ ವಿಂಡೋಸ್ ಬರ್ತಿದೆ, ಥ್ಯಾಂಕ್ಸ್. ಆದ್ರೆ ಎಫ್12 ಲಿಸ್ಟ್‌ನಲ್ಲಿ ಉಬುಂಟು ಅಂತ ಇನ್ನೂ ಇದೆ, ಆರಿಸಿದ್ರೆ ಏನೂ ಆಗಲ್ಲ, ಒಂದು ಕ್ಷಣ ಕಪ್ಪಾಗಿ ವಾಪಸ್ ಲಿಸ್ಟ್‌ಗೇ ಬರುತ್ತೆ. ಫೈಲೇ ಇಲ್ವಲ್ಲ, ಹೆಸರು ಎಲ್ಲಿಂದ?

ಟರ್ಮಿನಲ್_ತಾತ

ಕೋಡರ್‌ಗೆ ಫೈಲ್ ಇತ್ತು ಹೆಸರಿರ್ಲಿಲ್ಲ, ನಿಮಗೆ ಹೆಸರಿದೆ ಫೈಲ್ ಇಲ್ಲ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ "ಬಿಸಿಡಿಎಡಿಟ್ /ಎನಮ್ ಫರ್ಮ್‌ವೇರ್" ಕೊಡಿ, ಡಿಸ್ಕ್ರಿಪ್ಷನ್ ಉಬುಂಟು ಅಂತ ಇರೋ ಬ್ಲಾಕ್‌ನಲ್ಲಿ ಐಡೆಂಟಿಫೈಯರ್ ಎದುರು ಬ್ರೇಸ್ ಒಳಗೆ ಉದ್ದದ್ದೊಂದು ನಂಬರ್ ಇರುತ್ತೆ, ಅದನ್ನ ಬ್ರೇಸ್ ಸಮೇತ ಕಾಪಿ ಮಾಡಿ "ಬಿಸಿಡಿಎಡಿಟ್ /ಡಿಲೀಟ್" ಮುಂದೆ ಅಂಟಿಸಿ. ಪವರ್‌ಶೆಲ್‌ನಲ್ಲಿ ಮಾಡೋದಾದ್ರೆ ಆ ನಂಬರ್‌ನ ಕೋಟ್ ಒಳಗೆ ಹಾಕ್ಬೇಕು, ಇಲ್ಲಾಂದ್ರೆ ಎರರ್ ಕೊಡುತ್ತೆ. ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನೋ ಬ್ಲಾಕ್ ಪಕ್ಕದಲ್ಲೇ ಇರುತ್ತೆ, ಅದ್ರದ್ದು ಕಾಪಿ ಮಾಡ್ಬೇಡಿ.

ಮಳೆಗಾಲ_ಬಂತು

ಹೋಯ್ತು ಸರ್, ಲಿಸ್ಟ್ ಕ್ಲೀನ್.